ಕಾಯ್ದೆ ಮನೆಯಂಗಳಕ್ಕೆ ಬರುವ ದಾರಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 1999ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಕಾನೂನು ಪದವಿ ಪಡೆದು, ತಾಲೂಕು ಕೋರ್ಟಿನಲ್ಲಿ ಮೂರು ವರ್ಷ ವಕೀಲಿ ಮಾಡಿ, ಆಮೇಲೆ ವಿದ್ಯಾರ್ಥಿವೇತನದ ಮೇಲೆ ಹೊರದೇಶದಲ್ಲಿ ಎಲ್‌ಎಲ್‌ಎಂ ಓದಿದೆ. "ಕಾನೂನು ಓದುವ ಹುಡುಗ ಹುಡುಗಿಯರು ಆಫ್ರಿಕಾದ ಕಡೆಗೆಲ್ಲ ಅಭಿವೃದ್ಧಿ ಕೆಲಸಕ್ಕೆ ಹೋಗುತ್ತಾರಂತೆ, ಅಲ್ಲಿ ಹೋಗಿ ಮಾಡುವುದೇನು ಎಂದು ನಮ್ಮ ಮಕ್ಕಳಿಗೆ ಹೇಳಮ್ಮ" ಎಂದು ಸಂಘದ ಹಿರಿಯರು ಕೇಳಿದರು. ಆ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ಅಭಿವೃದ್ಧಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ರಸ್ತೆ, ಸೇತುವೆ, ಕೊಳವೆಬಾವಿ, ಆಸ್ಪತ್ರೆ. ಇದರಲ್ಲಿ ವಕೀಲರಿಗೆ ಏನು ಕೆಲಸ ಎನ್ನಿಸಬಹುದು. ಸ್ವಲ್ಪ ಯೋಚಿಸಿ. ಕೊಳವೆಬಾವಿ ತೆಗೆಸಿದ ಜಾಗ ಯಾರದು? ಗಣಿ ಕಂಪನಿಗೆ ಭೂಮಿ ಕೊಡುವಾಗ ಒಪ್ಪಿಗೆ ಕೊಟ್ಟವರು ಯಾರು, ದುಡ್ಡು ಯಾರ ಕೈಗೆ ಹೋಯಿತು? ಗಂಡ ಸತ್ತ ಹೆಂಗಸಿಗೆ ಮನೆ ಉಳಿಯಿತೋ ಇಲ್ಲವೋ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ಸೇತುವೆ ಕಟ್ಟಿದರೂ ಬಡವರು ಆಚೆ ದಡದಲ್ಲೇ ಉಳಿಯುತ್ತಾರೆ. ವಿಶ್ವಸಂಸ್ಥೆಯ ನೆರವಿನಿಂದ ಕೆಲಸ ಮಾಡಿದ ಒಂದು ಆಯೋಗ 2008ರಲ್ಲಿ ಕೊಟ್ಟ ವರದಿಯಲ್ಲಿ, ಜಗತ್ತಿನ ಸುಮಾರು 400 ಕೋಟಿ ಜನ ಕಾನೂನಿನ ಆಸರೆಯ ಹೊರಗೇ ಬದುಕುತ್ತಿದ್ದಾರೆ ಎಂದು ಹೇಳಿತು. 2015ರಲ್ಲಿ ಎಲ್ಲ ದೇಶಗಳು ಸೇರಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳು 17. ಅವುಗಳಲ್ಲಿ 16ನೆಯದು ಎಲ್ಲರಿಗೂ ನ್ಯಾಯ ಎಟುಕಬೇಕು ಎನ್ನುತ್ತದೆ.

ಈ ಕೆಲಸಕ್ಕೆ ಒಂದು ಹಳೆಯ ಚರಿತ್ರೆಯೂ ಇದೆ, ವಿದ್ಯಾರ್ಥಿಗಳು ತಿಳಿದಿರಬೇಕಾದದ್ದು. 1960ರ ದಶಕದಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕರು, ಆಗತಾನೇ ಓದು ಮುಗಿಸಿದವರು ಅನೇಕರು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದೇಶಗಳಿಗೆ ಹೋದರು. ಒಳ್ಳೆಯ ಕಾಯ್ದೆ ಬರೆದುಕೊಟ್ಟರೆ, ಒಳ್ಳೆಯ ಲಾ ಕಾಲೇಜು ಕಟ್ಟಿಕೊಟ್ಟರೆ ದೇಶ ಮುಂದೆ ಬರುತ್ತದೆ ಎಂಬ ನಂಬಿಕೆ ಅವರದಾಗಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಅವರಲ್ಲೇ ಸಂಶಯ ಹುಟ್ಟಿತು. ಡೇವಿಡ್ ಟ್ರುಬೆಕ್ ಮತ್ತು ಮಾರ್ಕ್ ಗ್ಯಾಲಂಟರ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಒಂದು ಲೇಖನ ಬರೆದು, ನಮ್ಮ ದೇಶದ ಪದ್ಧತಿಯನ್ನೇ ಎಲ್ಲರ ಪದ್ಧತಿ ಎಂದುಕೊಂಡು ಹೊರಟೆವು ಎಂದು ತಮ್ಮ ಚಳವಳಿಯನ್ನು ತಾವೇ ವಿಮರ್ಶೆ ಮಾಡಿದರು. ಈ ಗ್ಯಾಲಂಟರ್ 1950ರ ದಶಕದ ಕೊನೆಯಲ್ಲೇ ಭಾರತಕ್ಕೆ ಬಂದು ನಮ್ಮ ನ್ಯಾಯಾಲಯಗಳನ್ನೂ ಮೀಸಲಾತಿಯನ್ನೂ ಆಳವಾಗಿ ಅಧ್ಯಯನ ಮಾಡಿದವರು. ಕಾಯ್ದೆ ಪುಸ್ತಕದಲ್ಲಿ ಒಂದು ಥರ, ಊರಿನಲ್ಲಿ ಇನ್ನೊಂದು ಥರ ಇರುತ್ತದೆ ಎಂಬುದು ಅವರಿಗೆ ಇಲ್ಲಿಂದಲೂ ತಿಳಿದಿರಬೇಕು.

ಹಾಗಾದರೆ ಪುಸ್ತಕದ ಕಾಯ್ದೆ ಊರಿಗೆ ಬರುವುದು ಹೇಗೆ? ಇದಕ್ಕೆ ನಾನು ಕಣ್ಣಾರೆ ಕಂಡ ಉತ್ತರ ಸಿಯೆರಾ ಲಿಯೋನ್ ದೇಶದ್ದು.

ಅದು ಪಶ್ಚಿಮ ಆಫ್ರಿಕಾದ ಕಡಲ ದಂಡೆಯ ಸಣ್ಣ ದೇಶ. ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದು. ಬ್ರಿಟಿಷರಿಂದ 1961ರಲ್ಲಿ ಸ್ವಾತಂತ್ರ್ಯ ಪಡೆಯಿತು. 1991ರಿಂದ 2002ರವರೆಗೆ ಅಲ್ಲಿ ಭೀಕರ ಅಂತರ್ಯುದ್ಧ ನಡೆಯಿತು. ಯುದ್ಧ ಮುಗಿದಾಗ ಇಡೀ ದೇಶದಲ್ಲಿ ಇದ್ದ ವಕೀಲರು ಸುಮಾರು ನೂರು ಮಂದಿ; ಅವರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ರಾಜಧಾನಿ ಫ್ರೀಟೌನ್‌ನಲ್ಲೇ ಇದ್ದರು. ಹಳ್ಳಿಗಳಲ್ಲಿ ನ್ಯಾಯ ಹೇಳುತ್ತಿದ್ದವರು ಚೀಫ್‌ಗಳು, ನಮ್ಮ ಹಿಂದಿನ ಪಟೇಲರ ಹಾಗೆ. ಹೀಗೆ ಒಂದೇ ದೇಶದಲ್ಲಿ ಎರಡು ಕಾನೂನು: ಬ್ರಿಟಿಷರು ಬಿಟ್ಟುಹೋದ ಕೋರ್ಟಿನ ಕಾನೂನು ಒಂದು, ಊರಿನ ರೂಢಿಯ ಕಾನೂನು ಇನ್ನೊಂದು.

2003ರಲ್ಲಿ ಆ ದೇಶದ ವಕೀಲ ಸಿಮಿಯೋನ್ ಕೊರೋಮಾ ಮತ್ತು ಅಮೆರಿಕದಲ್ಲಿ ಕಾನೂನು ಓದಿದ ಭಾರತೀಯ ಮೂಲದ ವಿವೇಕ್ ಮಾರು ಸೇರಿ 'ಟಿಮಾಪ್ ಫಾರ್ ಜಸ್ಟೀಸ್' ಎಂಬ ಸಂಸ್ಥೆ ಶುರುಮಾಡಿದರು. ಟಿಮಾಪ್ ಎಂದರೆ ಅಲ್ಲಿಯ ಕ್ರಿಯೋ ಭಾಷೆಯಲ್ಲಿ 'ಎದ್ದು ನಿಲ್ಲು' ಎಂದರ್ಥ. ವಕೀಲರು ಸಾಲದ ದೇಶದಲ್ಲಿ ಅವರು ಊರಿನವರನ್ನೇ ಆರಿಸಿ, ಕಾನೂನಿನ ಮೂಲ ಪಾಠ ಹೇಳಿ, ಹಳ್ಳಿಗಳಲ್ಲಿ ಕೂರಿಸಿದರು. ಇವರನ್ನು ಪ್ಯಾರಾಲೀಗಲ್ ಎನ್ನುತ್ತಾರೆ. ಮೊದಲು ಇದ್ದವರು 13 ಮಂದಿ. ಆಮೇಲೆ ಇಂಥ ಸಂಸ್ಥೆಗಳು ಹಲವು ಬಂದವು. 2012ರಲ್ಲಿ ಅಲ್ಲಿನ ಸಂಸತ್ತು ಕಾನೂನು ನೆರವಿನ ಕಾಯ್ದೆ ಮಾಡಿ, ಒಂದೊಂದು ಚೀಫ್‌ಡಮ್‌ಗೂ, ಅಂದರೆ ನಮ್ಮ ಹೋಬಳಿಯಂಥ ಪ್ರದೇಶಕ್ಕೂ, ಒಬ್ಬ ಪ್ಯಾರಾಲೀಗಲ್ ಇರಬೇಕು ಎಂದಿತು.

ನಾನು ಎಲ್‌ಎಲ್‌ಎಂ ಮುಗಿಸಿದ 2010ರ ಮಳೆಗಾಲದಲ್ಲಿ ಹತ್ತು ವಾರ ಅಲ್ಲಿನ ಒಂದು ಸಣ್ಣ ಸಂಸ್ಥೆಯ ಹಳ್ಳಿ ಕಚೇರಿಯಲ್ಲಿದ್ದೆ. ಮಳೆ ನಮ್ಮ ಮಲೆನಾಡಿನದೇ. ಮಣ್ಣು ಕೂಡ ನಮ್ಮದರ ಹಾಗೆ ಕೆಂಪು. ಊಟಕ್ಕೆ ಅನ್ನ, ಮರಗೆಣಸಿನ ಎಲೆಯ ಸಾರು. ಕಚೇರಿಯಲ್ಲಿದ್ದ ಪ್ಯಾರಾಲೀಗಲ್ ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು.

ಒಂದು ದಿನ ಮೂವರು ಮಕ್ಕಳ ತಾಯಿಯೊಬ್ಬಳು ಬಂದಳು. ಗಂಡ ತೀರಿಕೊಂಡಿದ್ದ. ಮೈದುನ ಮನೆ ಖಾಲಿ ಮಾಡು ಎನ್ನುತ್ತಿದ್ದ. 2007ರಲ್ಲೇ ಆ ದೇಶದಲ್ಲಿ ವಾರಸುದಾರಿಕೆಯ ಹೊಸ ಕಾಯ್ದೆ ಬಂದಿತ್ತು. ಆಸ್ತಿ ಹಂಚಿಕೆಯಾಗುವ ಮೊದಲೇ ವಿಧವೆಯನ್ನೂ ಮಕ್ಕಳನ್ನೂ ಮನೆಯಿಂದ ಹೊರಹಾಕುವುದು ಅಪರಾಧ. ಅವಳಿಗೆ ಆ ವಿಷಯ ಗೊತ್ತಿರಲಿಲ್ಲ, ಮೈದುನನಿಗೂ ಗೊತ್ತಿರಲಿಲ್ಲ.

ಮೇಷ್ಟ್ರು ನೋಟಿಸು ಬರೆಯಲಿಲ್ಲ. ಊರ ಚೀಫ್ ಮನೆಗೆ ಕೋಲಾ ಕಾಯಿ ತೆಗೆದುಕೊಂಡು ಹೋದರು. ಅಲ್ಲಿ ಹಿರಿಯರ ಮುಂದೆ ಕೋಲಾ ಕಾಯಿ ಇಡುವುದೆಂದರೆ ನಮ್ಮಲ್ಲಿ ಎಲೆ ಅಡಿಕೆ ಇಟ್ಟ ಹಾಗೆ. ಮೊದಲ ದಿನ ಸತ್ತವನ ಗುಣದ ಮಾತು. ಎರಡನೆಯ ದಿನ ಮಕ್ಕಳ ಶಾಲೆಯ ಮಾತು. ಮೂರನೆಯ ದಿನ ಮೈದುನನನ್ನೂ ಕೂರಿಸಿಕೊಂಡು ಕಾಯ್ದೆಯ ಮಾತು ತೆಗೆದರು: ಇದು ಕೋರ್ಟಿಗೆ ಹೋದರೆ ಏನಾಗುತ್ತದೆ ಎಂದು, ಹೆದರಿಸದೆ, ಇದ್ದದ್ದನ್ನು ಇದ್ದ ಹಾಗೆ. ಆ ಹೆಂಗಸು ಮನೆಯಲ್ಲೇ ಉಳಿದಳು. ಹಿಂದೆ ಕೋರ್ಟು ಇರದಿದ್ದರೆ ಮೈದುನ ಕೇಳುತ್ತಿರಲಿಲ್ಲ. ಮುಂದೆ ಮೇಷ್ಟ್ರು ಇರದಿದ್ದರೆ ಆ ಕಾಯ್ದೆ ಫ್ರೀಟೌನ್ ಬಿಟ್ಟು ಹೊರಡುತ್ತಿರಲಿಲ್ಲ.

ಅಲ್ಲಿ ನನ್ನ ಕೆಲಸವೇನಿತ್ತು? ಆ ಪಂಚಾಯ್ತಿಕೆ ನನ್ನಿಂದ ಆಗುವಂಥದ್ದಲ್ಲ. ಭಾಷೆ ಬಾರದು, ಊರು ತಿಳಿಯದು. ನಾನು ಮಾಡಿದ್ದು ಮೂರು ಕೆಲಸ. 2007ರ ಕಾಯ್ದೆಯ ಮುಖ್ಯ ಅಂಶಗಳನ್ನು ಸರಳ ಇಂಗ್ಲಿಷಿನಲ್ಲಿ ಎರಡು ಪುಟಕ್ಕೆ ಇಳಿಸಿದೆ. ಅದನ್ನು ಅವರು ತಮ್ಮ ಮೆಂಡೆ ಭಾಷೆಗೆ ತಂದುಕೊಂಡರು. ಹಳೆಯ ದೂರುಗಳ ದಪ್ಪ ರಿಜಿಸ್ಟರುಗಳನ್ನು ಓದಿ, ಯಾವ ಬಗೆಯ ತಂಟೆ ಎಷ್ಟಿದೆ, ಯಾವುದು ಎಲ್ಲಿ ನಿಂತುಹೋಗಿದೆ ಎಂದು ಪಟ್ಟಿ ಮಾಡಿಕೊಟ್ಟೆ. ಊರಿನಲ್ಲಿ ಬಗೆಹರಿಯದ ಒಂದೆರಡು ವಿಷಯಗಳಲ್ಲಿ ರಾಜಧಾನಿಯ ವಕೀಲರಿಗೆ ಬೇಕಾದ ತೀರ್ಪುಗಳನ್ನು ಹುಡುಕಿದೆ. ಹೆಸರು ಬರುವ ಕೆಲಸಗಳಲ್ಲ ಇವು. ಆದರೆ ಎರಡು ಪುಟದ ಆ ಹಾಳೆ ಅಲ್ಲೇ ಉಳಿಯಿತು.

ಸ್ನಾತಕೋತ್ತರ ವಿದ್ಯಾರ್ಥಿ ಇಂಥ ಕೆಲಸಕ್ಕೆ ಹೊರಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರಿವೆ ಎಂದು ನನಗೆ ಅನ್ನಿಸಿದೆ. ನನ್ನನ್ನು ಕರೆದವರು ಆ ಊರಿನವರೋ, ಅಥವಾ ನನ್ನ ವಿಶ್ವವಿದ್ಯಾಲಯವೇ ಕಳಿಸುತ್ತಿದೆಯೋ? ನಾನು ಬರೆದದ್ದು ಅಲ್ಲಿ ಯಾರ ಕೈಯಲ್ಲಿ ಉಳಿಯುತ್ತದೆ? ನಾನು ಹೊರಟ ಮಾರನೆಯ ದಿನ ಕೆಲಸ ನಡೆಯುತ್ತದೋ, ನಿಲ್ಲುತ್ತದೋ? ಮೂರನೆಯದಕ್ಕೆ 'ನಿಲ್ಲುತ್ತದೆ' ಎಂಬ ಉತ್ತರ ಬಂದರೆ, ಹೋಗುವುದು ಬೇಡ. ಹತ್ತು ವಾರದ ಅತಿಥಿಯ ಮೇಲೆ ಒಂದು ಹೆಂಗಸಿನ ಮನೆ ನಿಲ್ಲಬಾರದು.

ಇನ್ನು ನಮ್ಮ ಊರಿನ ಮಾತು. ಇಲ್ಲಿ ಯುದ್ಧವಾಗಿಲ್ಲ, ವಕೀಲರ ಬರಗಾಲವಿಲ್ಲ, ತಾಲೂಕು ಕೇಂದ್ರಕ್ಕೆ ಬಸ್ಸಿದೆ. ಆದರೂ ಕೇಳುತ್ತೇನೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಹಾಗೆ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಅದು ವಿಸ್ತರಿಸಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಸಭೆಯಲ್ಲಿ ನನ್ನ ಓರಗೆಯ ಅಕ್ಕತಂಗಿಯರು ಅನೇಕರಿದ್ದೀರಿ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗ ಅದನ್ನು ಯಾರಾದರೂ ನಿಮಗೆ ಓದಿ ಹೇಳಿದ್ದರೇ? ಬಿಟ್ಟುಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಅಣ್ಣತಮ್ಮಂದಿರ ಮೇಲಿನ ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ನಿಮ್ಮ ದೊಡ್ಡತನ. ಆದರೆ ಏನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ. ಪೌತಿ ಖಾತೆಯಾಗದೆ ಅಜ್ಜನ ಹೆಸರಿನಲ್ಲೇ ಇರುವ ಪಹಣಿಗಳು, ಎಲ್ಲಿ ನಿಂತಿವೆಯೋ ತಿಳಿಯದ ಬಗರ್‌ಹುಕುಂ ಅರ್ಜಿಗಳು, ಇವುಗಳ ಕಥೆಯೂ ಅಷ್ಟೇ.

ನಮ್ಮ ಸಂವಿಧಾನದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆನ್ನುತ್ತದೆ. ಅದಕ್ಕಾಗಿ ಆದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. 2009ರಿಂದ ನಮ್ಮಲ್ಲೂ ಪ್ಯಾರಾಲೀಗಲ್ ಸ್ವಯಂಸೇವಕರಿಗೆ ತರಬೇತಿ ಕೊಡುವ ಯೋಜನೆಯಿದೆ. ಅದಕ್ಕೆ ಕಾನೂನು ಪದವಿ ಬೇಕಿಲ್ಲ. ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಕಾಲೇಜು ವಿದ್ಯಾರ್ಥಿಗಳು ಸೇರಬಹುದು. ಸಿಯೆರಾ ಲಿಯೋನ್‌ನಲ್ಲಿ ಆ ಮೇಷ್ಟ್ರು ಮಾಡುತ್ತಿದ್ದ ಕೆಲಸಕ್ಕೆ ನಮ್ಮೂರಿನಲ್ಲೂ ಕುರ್ಚಿ ಇದೆ, ಕೂರುವವರು ಬೇಕು.

ಆದ್ದರಿಂದ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಕೋರಿಕೆ. ತಿಂಗಳಿಗೊಂದು ಭಾನುವಾರ ಈ ಶಾಲೆಯ ಒಂದು ಕೋಣೆಯನ್ನು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ತೆರೆಯೋಣ. ತಾಲೂಕು ಸಮಿತಿಯವರನ್ನು ಕೇಳಿ ನಾಲ್ಕು ಜನರಿಗೆ ತರಬೇತಿ ಕೊಡಿಸೋಣ. ಈ ಶಾಲೆಯಿಂದ ಹೋಗಿ ಈಗ ಕಾನೂನು ಓದುತ್ತಿರುವವರು ರಜೆಯಲ್ಲಿ ಬಂದು ಕಾಯ್ದೆಗಳನ್ನು ಎರಡೆರಡು ಪುಟದ ಕನ್ನಡಕ್ಕೆ ಇಳಿಸಿಕೊಡಲಿ. ಅರ್ಜಿ ಬರೆಸಲು, ಪತ್ರ ಓದಿಸಲು ಜನ ಬರುತ್ತಾರೆ. ಮೊದಲ ವರ್ಷದ ಕಾಗದ, ಝೆರಾಕ್ಸ್ ಖರ್ಚು ನನ್ನದು. ಎರಡು ತಿಂಗಳಿಗೊಮ್ಮೆ ನಾನೂ ಬಂದು ಕೂರುತ್ತೇನೆ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಕಾನೂನು ಓದಿ ದೂರದೇಶಕ್ಕೆ ಹೋಗುವುದಾದರೆ ಖಂಡಿತ ಹೋಗಿ. ವಿದ್ಯಾರ್ಥಿವೇತನಗಳಿವೆ; ಹೇಗೆ ಅರ್ಜಿ ಹಾಕುವುದೆಂದು ನಾನೇ ಹೇಳಿಕೊಡುತ್ತೇನೆ. ಬೇರೆಯವರ ಊರಿನಲ್ಲಿ ಬಾಯಿ ಕಟ್ಟಿ ಕೂತು ಕೇಳುವುದನ್ನು ಕಲಿತವರಿಗೆ ತಮ್ಮ ಊರಿನ ಮಾತೂ ಚೆನ್ನಾಗಿ ಕೇಳಿಸುತ್ತದೆ. ಹೋಗುವ ಮೊದಲು ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ಓದಲು ಕಲಿಯಿರಿ. ಓದಲು ಬಂದರೆ ಪಕ್ಕದ ಮನೆಯವರದ್ದನ್ನೂ ಓದಿ ಹೇಳಿ.

 ಈ ಶಾಲೆಗೆ ಐವತ್ತು ತುಂಬಿದೆ, ನೂರೂ ತುಂಬಲಿ.