ದೇವಾಲಯದೊಳಗೆ ಧ್ವನಿಯ ದಾರಿ

(ಶತಮಾನೋತ್ಸವದ ಸಿದ್ಧತಾ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಹಿಂದಿನ ಸಾಲುಗಳಲ್ಲಿ ಕುಳಿತುಕೊಳ್ಳುವ ವೃದ್ಧರು ಬಲಿಪೂಜೆಯ ನಂತರ ನಮ್ಮೊಡನೆ ಹೇಳುವ ಮಾತೊಂದುಂಟು: "ಸ್ವಾಮಿ, ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ." ವಿಶ್ವಾಸಕ್ಕೂ ಶ್ರವಣಕ್ಕೂ ಇರುವ ನಂಟನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಆದುದರಿಂದ ಈ ಕೊರತೆಯನ್ನು ನಾವು ಹಗುರವಾಗಿ ಎಣಿಸಲಾಗದು. ಧ್ವನಿವರ್ಧಕಗಳನ್ನು ಹೆಚ್ಚಿಸಬೇಕೆಂದೂ ಗೋಡೆಗಳಿಗೆ ನುಣುಪು ಕಲ್ಲು ಹೊದಿಸಬೇಕೆಂದೂ ಸಲಹೆಗಳು ಬಂದಿವೆ. ಹಣ ವ್ಯಯಿಸುವ ಮುನ್ನ ಧ್ವನಿಯು ಸಂಚರಿಸುವ ಬಗೆಯನ್ನು ಅರಿಯುವುದು ಒಳಿತು.

ಜ್ಯಾಮಿತೀಯ ಧ್ವನಿಶಾಸ್ತ್ರವು ಶಬ್ದವನ್ನು ಬೆಳಕಿನ ಕಿರಣದಂತೆ ಭಾವಿಸುತ್ತದೆ. ನುಣುಪು ಗೋಡೆಗೆ ಬಡಿದ ಕಿರಣವು ಕನ್ನಡಿಗೆ ಬಿದ್ದ ಬೆಳಕಿನಂತೆ, ಬಂದಷ್ಟೇ ಕೋನದಲ್ಲಿ ಹಿಂದಿರುಗುತ್ತದೆ. ಕೆತ್ತನೆಯ ಪೀಠ, ಉಬ್ಬುತಗ್ಗಿನ ಕಂಬಗಳು ಅದನ್ನು ಹಲವು ದಿಕ್ಕಿಗೆ ಚದರಿಸುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ನೇರವಾಗಿ ಬಂದ ಮಾತಿಗಿಂತ 17 ಮೀಟರು ಹೆಚ್ಚು ಸುತ್ತಿ ಬಂದ ದನಿಯು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ತಡವಾಗಿ ಕಿವಿಯನ್ನು ಮುಟ್ಟುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಅದಕ್ಕಿಂತ ಬೇಗ ಬಂದದ್ದು ಮಾತಿಗೆ ಬಲ ಕೊಡುತ್ತದೆ. ತಡವಾಗಿ ಬಂದದ್ದು ಮುಂದಿನ ಅಕ್ಷರವನ್ನು ಮಸುಕುಗೊಳಿಸುತ್ತದೆ. ಬರಿಯ ದನಿಯನ್ನು ಏರಿಸಿದರೆ ಈ ಮಸುಕೂ ಅದರೊಡನೆ ಏರುತ್ತದೆ.

1968ರಲ್ಲಿ ನಾರ್ವೆಯ ಸಂಶೋಧಕರು ಸಭಾಂಗಣದೊಳಗಿನ ಧ್ವನಿಕಿರಣಗಳ ದಾರಿಯನ್ನು ಗಣಕಯಂತ್ರದಿಂದ ಲೆಕ್ಕಹಾಕಿ ತೋರಿಸಿದರು. ಪ್ಯಾರಿಸ್ಸಿನ ನೊತ್ರ ದಾಮ್ ಪ್ರಧಾನಾಲಯದಲ್ಲಿ 2013ರಲ್ಲಿ ಧ್ವನಿಯನ್ನು ಅಳೆದು, ಅದಕ್ಕೆ ಹೊಂದುವ ಇಂತಹದೇ ಮಾದರಿಯನ್ನು ರಚಿಸಲಾಯಿತು. 2019ರ ಏಪ್ರಿಲ್ 15ರಂದು ಮಾಡು ಸುಟ್ಟು, ಕಮಾನು ಛಾವಣಿಯ ಭಾಗಗಳು ಕುಸಿದವು. ಹಿಂದಿನ ನಾದವನ್ನು ತಿಳಿಯಲು ಆ ಅಳತೆಗಳು ನೆರವಾದವು. 2024ರ ಡಿಸೆಂಬರಿನಲ್ಲಿ ಪ್ರಧಾನಾಲಯವು ಮರಳಿ ತೆರೆಯಿತು.

ಶಬ್ದವು ನಿಜವಾಗಿ ಅಲೆಯೆಂಬುದನ್ನೂ ಮರೆಯಬಾರದು. 100 ಹರ್ಟ್ಸ್‌ನ ತಗ್ಗು ಸ್ವರದ ಅಲೆ ಸುಮಾರು 3.4 ಮೀಟರು ಉದ್ದ. ಅದು ಕಂಬವನ್ನು ಬಳಸಿ ಮುಂದೆ ಹೋಗುತ್ತದೆ. ಇಲ್ಲಿ ಕಿರಣದ ಲೆಕ್ಕ ಸೋಲುತ್ತದೆ. ಆದುದರಿಂದಲೇ ಲೆಕ್ಕವನ್ನು ಅಳತೆಯೊಡನೆ ಒರೆಹಚ್ಚಬೇಕು.

ನಮ್ಮ ವಿನಂತಿ ಇಷ್ಟೇ: ಬಲ್ಲವರಿಂದ ಒಮ್ಮೆ ದೇವಾಲಯ ಬರಿದಾಗಿರುವಾಗಲೂ ಒಮ್ಮೆ ಭಾನುವಾರ ಜನ ತುಂಬಿರುವಾಗಲೂ ಧ್ವನಿಯನ್ನು ಅಳೆಯಿಸೋಣ, ಅಲ್ಲಿಯವರೆಗೆ ಗೋಡೆಗಳನ್ನೂ ಹಳೆಯ ಕೆತ್ತನೆಯ ಪೀಠವನ್ನೂ ಮುಟ್ಟದಿರೋಣ. ಎರಡು ಅಳತೆಗಳೂ ಒಂದೇ ಆಗಿರಲಾರವು. ಮನುಷ್ಯರ ಮೈ, ತೊಟ್ಟ ಬಟ್ಟೆ ಶಬ್ದವನ್ನು ಹೀರುತ್ತವೆ. ಜನ ಸೇರಿದಾಗ ಅನುರಣನ ತಗ್ಗಿ ಮಾತು ತಿಳಿಯಾಗುತ್ತದೆ. ನಿಮ್ಮ ಪಕ್ಕದಲ್ಲಿ ಕುಳಿತವರು ತಮಗರಿವಿಲ್ಲದೆಯೇ ಶುಭಸಂದೇಶವನ್ನು ಆಲಿಸಲು ನಿಮಗೆ ನೆರವಾಗುತ್ತಿದ್ದಾರೆ. ಉತ್ಸವ ಮುಗಿದ ಮೇಲೆಯೂ ಈ ಬೆಂಚುಗಳು ತುಂಬಿರಲಿ. ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.