ಹಂದಿಗೋಡಿನ ಸೊಂಟನೋವು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಂದಿಗೋಡು ಎಂಬ ಹಳ್ಳಿ ವೈದ್ಯಕೀಯ ಪುಸ್ತಕಗಳನ್ನು ಸೇರಿದ್ದು ಸೊಂಟನೋವಿನ ಹೆಸರಲ್ಲಿ. 1974-75ರ ಸುಮಾರಿಗೆ ಅಲ್ಲಿಯ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟದ ಕೀಲು ಹಿಡಿದು ನಡೆಯಲಾಗದವರು ಕಂಡುಬಂದರು. ಕೆಲವರು ಕೋಲೂರುತ್ತಿದ್ದರು, ಕೆಲವರು ತೆವಳುತ್ತಿದ್ದರು. ಕೆಲವು ಮಕ್ಕಳು ಎತ್ತರ ಬೆಳೆಯಲೇ ಇಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಗಳಲ್ಲೂ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥವರು ಸಿಕ್ಕರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದರು. ಮೊದಲ ಗುಮಾನಿ ಗದ್ದೆಯ ಏಡಿಯ ಮೇಲೆ: ಪೈರಿಗೆ ಹೊಡೆದ ಕೀಟನಾಶಕ ಏಡಿ ಸಾರಿನ ಮೂಲಕ ಹೊಟ್ಟೆ ಸೇರುತ್ತಿದೆಯೇ ಎಂದು. ಮುಂದೆ ವಂಶಾವಳಿ ಹಿಡಿದು ನೋಡಿದಾಗ ರೋಗ ರಕ್ತದಲ್ಲೇ ಬರುತ್ತದೆಂದು ತಿಳಿಯಿತು. ತಂದೆ ಅಥವಾ ತಾಯಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಎಲುಬಿನ ತುದಿ ಸರಿಯಾಗಿ ಬೆಳೆಯದೆ ಕೀಲು ಬೇಗ ಸವೆಯುತ್ತದೆ. ಏಡಿಯ ಮೇಲಿನ ಅಪವಾದ ಮಾತ್ರ ಊರಿನ ಬಾಯಿಂದ ಅಷ್ಟು ಬೇಗ ಹೋಗಲಿಲ್ಲ.

ಇದನ್ನು ವಾಸಿ ಮಾಡುವ ಮಾತ್ರೆಯಿಲ್ಲ. ಅಲ್ಲೇ ಫಿಸಿಯೋಥೆರಪಿ ಬೇಕಾಗುವುದು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಶಾಲೆ ತೆರೆದದ್ದು 1950ರ ದಶಕದ ಆರಂಭದಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಅದಕ್ಕೆ ಕಾರಣ ಪೋಲಿಯೋ. ಪೋಲಿಯೋದಲ್ಲಿ ನರ ಸತ್ತು ಸ್ನಾಯು ಸೊರಗುತ್ತದೆ, ಉಳಿದ ಸ್ನಾಯುವನ್ನು ಪಳಗಿಸಬೇಕು. ಹಂದಿಗೋಡಿನಲ್ಲಿ ಕೆಟ್ಟಿರುವುದು ಕೀಲು. ನೋವಿಗೆ ಹೆದರಿ ಕೂತವರ ಸ್ನಾಯು ಆಮೇಲೆ ಸೊರಗುತ್ತದೆ. ಕೀಲಿನಲ್ಲಿ ಎಲುಬಿನ ತುದಿಯನ್ನು ಮುಚ್ಚುವ ಮೃದ್ವಸ್ಥಿಗೆ ರಕ್ತನಾಳವಿಲ್ಲ, ಕೀಲು ಆಡಿದಾಗಲೇ ಒಳಗಿನ ದ್ರವದಿಂದ ಅದಕ್ಕೆ ಆಹಾರ. ಹಾಗಾಗಿ ಬಿಸಿ ಶಾಖ ಕೊಟ್ಟು, ಮಗ್ಗುಲಲ್ಲಿ ಮಲಗಿಸಿ, ಮೇಲಿನ ಕಾಲನ್ನು ನಿಧಾನವಾಗಿ ಎತ್ತಿಸುತ್ತಾರೆ. ಪೃಷ್ಠದ ಸ್ನಾಯು ಗಟ್ಟಿಯಾದರೆ ನಡೆಯುವಾಗ ಸೊಂಟ ವಾಲುವುದು ಕಡಿಮೆಯಾಗುತ್ತದೆ.

ಕೋಲಿನ ವಿಷಯ ಹೇಳಲೇಬೇಕು. ಬಲ ಸೊಂಟ ನೋಯುವವರು ಬಲಗೈಯಲ್ಲೇ ಕೋಲು ಹಿಡಿಯುವುದನ್ನು ಎಲ್ಲೆಲ್ಲೂ ನೋಡುತ್ತೇವೆ. ಹಿಡಿಯಬೇಕಾದ್ದು ಎಡಗೈಯಲ್ಲಿ, ನೋಯುವ ಕಾಲಿನ ಜೊತೆಗೇ ಊರಬೇಕು. ಒಂಟಿ ಕಾಲಲ್ಲಿ ನಿಂತಾಗ ಸೊಂಟದ ಕೀಲಿನ ಮೇಲೆ ಮೈಭಾರದ ಎರಡು ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. ಎದುರುಗೈಯ ಕೋಲು ಅದನ್ನು ಚೆನ್ನಾಗಿಯೇ ಇಳಿಸುತ್ತದೆ. ಖರ್ಚಿಲ್ಲದ ಈ ಪಾಠ ಹೇಳಿಕೊಡಲು ಎಕ್ಸ್-ರೇ ಯಂತ್ರ ಬೇಕಿಲ್ಲ.

ಕೀಲು ಪೂರ್ತಿ ಸವೆದವರಿಗೆ ಕೃತಕ ಕೀಲು ಜೋಡಿಸಬಹುದು, ಆದರೆ ಆಮೇಲೂ ವಾರಗಟ್ಟಲೆ ವ್ಯಾಯಾಮ ತಪ್ಪದು. ಒಂದು ದಿನದ ಕೂಲಿ ಬಿಟ್ಟು, ಕೋಲೂರಿಕೊಂಡು ಬಸ್ಸು ಹತ್ತಿ ಪೇಟೆಗೆ ಬನ್ನಿ ಎಂದರೆ ಯಾರು ಬಂದಾರು? ಫಿಸಿಯೋಥೆರಪಿಸ್ಟ್ ಆ ಮನೆಗಳ ಜಗಲಿಗೇ ಹೋಗಬೇಕು.