ಇಳಿವಯಸ್ಸಿನಲ್ಲಿ ಕಾಲಿನ ಬಲ



ಶಿಕ್ಷಣ ಸಂಘದ ವೇದಿಕೆಯಲ್ಲಿ ವಯಸ್ಸಾದವರ ಕಾಲಿನ ಬಗ್ಗೆ ಮಾತೇಕೆ ಎಂದು ನಿಮಗೆ ಅನಿಸಬಹುದು. ಮನೆಯಲ್ಲಿ ಅಜ್ಜ-ಅಜ್ಜಿಯರ ಜೊತೆ ಹೆಚ್ಚು ಹೊತ್ತು ಇರುವವರು ವಿದ್ಯಾರ್ಥಿಗಳಾದ ನೀವೇ. ಅದಕ್ಕಾಗಿ.

ನಮ್ಮ ಮಸೀದಿಗಳಲ್ಲಿ ಈಗ ಸಫ್‌ಗಳ ಬದಿಯಲ್ಲಿ ಕುರ್ಚಿಗಳು ಕಾಣುತ್ತವೆ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ವಿನಾಯಿತಿ ದೀನಿನಲ್ಲಿದೆ. ಅದು ಯಾರಿಗೆ ಎಂಬುದನ್ನು ಉಲಮಾಗಳು ಹೇಳಲಿ, ನನ್ನ ವಿಷಯ ಅದಲ್ಲ. ಆ ಕಾಲುಗಳ ಬಲ ಎಲ್ಲಿ ಹೋಯಿತು ಎಂಬುದಷ್ಟೇ ನನ್ನ ಪ್ರಶ್ನೆ. ಐದು ಹೊತ್ತಿನ ಫರ್ಝ್ ನಮಾಝ್‌ಗಳಲ್ಲಿ 17 ರಕಅತ್, 34 ಸಜ್ದಾ. ಸಲಾಮ್ ಹೇಳಿ ಏಳುವುದೂ ಸೇರಿದರೆ ದಿನಕ್ಕೆ 17 ಬಾರಿ ನೆಲದಿಂದ ಎದ್ದು ನಿಲ್ಲಬೇಕು. ತೊಡೆಗೆ ಇದು ಸಣ್ಣ ಕೆಲಸವಲ್ಲ.

ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು 1989ರಲ್ಲಿ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂದರ್ಥ. ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ. ಎಡವಿದಾಗ ತಟ್ಟನೆ ಕಾಲೂರಿ ನಮ್ಮನ್ನು ಉಳಿಸುವ ಚುರುಕಿನ ಎಳೆಗಳೇ ಹೆಚ್ಚು ಸೊರಗುತ್ತವೆ.

ಇದಕ್ಕೆ ವಯಸ್ಸೊಂದೇ ಕಾರಣವಲ್ಲ, ನಾವೂ ಕಾರಣ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಜ್ವರದಿಂದ ಎರಡು ವಾರ ಮಂಚ ಹಿಡಿದರು. ಜ್ವರ ಬಿಟ್ಟ ಮೇಲೂ ನಾವು ಮಕ್ಕಳು "ಉಮ್ಮಾ, ನೀವು ಏಳಬೇಡಿ" ಎಂದು ಊಟ, ನೀರು, ಕೊನೆಗೆ ವುಝೂವಿನ ಪಾತ್ರೆಯನ್ನೂ ಮಂಚದ ಬಳಿಗೇ ತಂದೆವು. ಸೇವೆ ಎಂದುಕೊಂಡಿದ್ದೆವು. ಎರಡು ತಿಂಗಳಲ್ಲಿ ಅವರಿಗೆ ಶೌಚಾಲಯದಿಂದ ಒಬ್ಬರೇ ಎದ್ದು ಬರಲಾಗದಾಯಿತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಓದಿದ್ದು ಆಮೇಲೆ. ಆರೋಗ್ಯವಂತ ವೃದ್ಧರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಇರಿಸಿದಾಗ ಕಾಲುಗಳಲ್ಲೇ ಸುಮಾರು 1 ಕಿಲೋ ಸ್ನಾಯು ಇಳಿದಿತ್ತು.

ಹೋದ ಬಲ ಮರಳುತ್ತದೆಯೇ? 1990ರಲ್ಲಿ ಬೋಸ್ಟನ್ನಿನ ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ 10 ಮಂದಿಗೆ, ಎಲ್ಲರೂ 86ರಿಂದ 96 ವಯಸ್ಸಿನವರು, 8 ವಾರ ಕಾಲಿನಿಂದ ಭಾರ ಎತ್ತಿಸುವ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಉಳಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರ ವಯಸ್ಸಿನಲ್ಲಿ! ಮಾದರಿ ಚಿಕ್ಕದು, ನಿಜ. ಆದರೆ ನಂತರ ನಡೆದ ಅನೇಕ ಅಧ್ಯಯನಗಳೂ ಇದೇ ದಾರಿಯನ್ನು ತೋರಿವೆ.

ಇವತ್ತು ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ಎದೆಯ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಲು ಅಜ್ಜಿಗೆ ಹೇಳಿ. ನೀವು ಪಕ್ಕದಲ್ಲೇ ನಿಂತಿರಬೇಕು. 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಗಮನ ಕೊಡಬೇಕು ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದೆ. ಪರೀಕ್ಷೆಯೇ ವ್ಯಾಯಾಮವೂ ಹೌದು. ಮೊದಲು ಕೈ ಊರಿ, ಆಮೇಲೆ ಊರದೆ, ನಂತರ ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ಏಳುವುದು. ಭಾರ ಸ್ವಲ್ಪ ಸ್ವಲ್ಪ ಏರಬೇಕು. ಬರೀ ವಾಕಿಂಗ್ ಸಾಲದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯುವಿಗೆ, 3 ದಿನ ಸಮತೋಲನಕ್ಕೆ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ಮಂಡಿ ತುಂಬಾ ಸವೆದವರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಶುರು ಮಾಡಲಿ.

ಗಂಡಸರು ಮಸೀದಿಗಾದರೂ ನಡೆಯುತ್ತಾರೆ. ನಮ್ಮ ಹೆಂಗಸರು ವಯಸ್ಸಾದ ಮೇಲೆ ಅಡುಗೆ ಮನೆಯಿಂದಲೂ 'ನಿವೃತ್ತ'ರಾಗಿಬಿಡುತ್ತಾರೆ.

ಊಟದ ಮಾತನ್ನೂ ಹೇಳಬೇಕು. ಹಲ್ಲಿಲ್ಲವೆಂದು ಅಜ್ಜಿ ಚಹಾಕ್ಕೆ ಅದ್ದಿದ ರಸ್ಕಿನಲ್ಲೇ ರಾತ್ರಿ ಕಳೆದರೆ ಸ್ನಾಯು ಬೆಳೆಯದು. 60 ಕಿಲೋ ತೂಗುವ ವೃದ್ಧರಿಗೆ ದಿನಕ್ಕೆ 60ರಿಂದ 70 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಮೆತ್ತಗಿನ ಮೀನು, ಕೀಮಾ, ಬೇಳೆ, ಮೊಸರು ಮೂರೂ ಹೊತ್ತಿನ ಊಟದಲ್ಲಿ ಹಂಚಿಹೋಗಲಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸದು.

ನನ್ನ ತಾಯಿ ಚೇತರಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಸಜ್ದಾದಿಂದ ಏಳುವಾಗ ಈಗಲೂ ಒಂದು ಕೈ ನೆಲಕ್ಕೆ ಊರುತ್ತಾರೆ. ನೀರು ತಂದುಕೊಡಲು ನಾವು ಎದ್ದರೆ ಮಾತ್ರ, ಬೇಡ ಎಂದು ತಾವೇ ಹೋಗುತ್ತಾರೆ.